ಜನನ ಪ್ರಮಾಣಪತ್ರದ ಬಗೆಗಳು ಮತ್ತು ಅವುಗಳಿಗೆ ತಗಲುವ ಖರ್ಚು

ಜನನ ಪ್ರಮಾಣಪತ್ರವೆಂದರೆ ಒಂದೇ ಬಗೆಯ ಕಾಗದವೆಂದು ತಿಳಿದು ಕಚೇರಿಗೆ ಹೋದವರು ಅಲ್ಲಿ ಹೆಸರಿಲ್ಲದ ಪ್ರಮಾಣಪತ್ರ, ವಿಳಂಬ ನೋಂದಣಿಯ ಪ್ರಮಾಣಪತ್ರ, ತಿದ್ದುಪಡಿಯಾದ ಪ್ರಮಾಣಪತ್ರ, ದಾಖಲೆ ಲಭ್ಯವಿಲ್ಲವೆಂಬ ಪ್ರಮಾಣಪತ್ರ ಎಂಬ ಮಾತುಗಳನ್ನು ಕೇಳಿ ಗೊಂದಲಕ್ಕೊಳಗಾಗುತ್ತಾರೆ. ಈ ಎಲ್ಲ ಬಗೆಗಳ ಮೂಲ ಒಂದೇ, ಅದು ಜನನ ರಿಜಿಸ್ಟರು. ಪ್ರಮಾಣಪತ್ರವು ಆ ರಿಜಿಸ್ಟರಿನಲ್ಲಿರುವ ಒಂದು ನಮೂದಿನ ದೃಢೀಕೃತ ನಕಲು ಮಾತ್ರ. ರಿಜಿಸ್ಟರಿನಲ್ಲಿ ಇಲ್ಲದ ಸಂಗತಿಯನ್ನು ಯಾವ ಅಧಿಕಾರಿಯೂ ಪ್ರಮಾಣಪತ್ರದಲ್ಲಿ ಬರೆದು ಕೊಡಲಾರರು. ಆದ್ದರಿಂದ ನಿಮಗೆ ಯಾವ ಬಗೆಯ ಪತ್ರ ಸಿಗುತ್ತದೆ, ಅದಕ್ಕೆ ಎಷ್ಟು ಹಣ ಮತ್ತು ಎಷ್ಟು ಓಡಾಟ ಬೇಕಾಗುತ್ತದೆ ಎಂಬುದು ಆ ನಮೂದು ಯಾವಾಗ ಆಯಿತು, ಎಲ್ಲಿ ಆಯಿತು, ಅದರಲ್ಲಿ ಏನಿದೆ ಎಂಬ ಮೂರು ಸಂಗತಿಗಳ ಮೇಲೆ ನಿಂತಿದೆ. ಕರ್ನಾಟಕದ ವ್ಯವಸ್ಥೆಯನ್ನು ಮುಂದಿಟ್ಟುಕೊಂಡು ಇದನ್ನು ಇಲ್ಲಿ ವಿವರಿಸಲಾಗಿದೆ.

ಇಂದು ದೇಶದಾದ್ಯಂತ ಜಾರಿಯಲ್ಲಿರುವುದು 1969ರ ಜನನ ಮರಣ ನೋಂದಣಿ ಅಧಿನಿಯಮ. ಅದಕ್ಕೂ ಹಿಂದೆ 1886ರಷ್ಟು ಹಳೆಯ ಕಾನೂನೊಂದಿತ್ತು, ಆದರೆ ಅದರ ಅಡಿಯಲ್ಲಿ ನೋಂದಣಿ ಐಚ್ಛಿಕವಾಗಿತ್ತು. 1969ರ ಅಧಿನಿಯಮವು ಅದನ್ನು ಕಡ್ಡಾಯಗೊಳಿಸಿತು ಮತ್ತು ಇಡೀ ದೇಶಕ್ಕೆ ಒಂದೇ ಚೌಕಟ್ಟನ್ನು ಕೊಟ್ಟಿತು. ವಿವರವಾದ ನಿಯಮಗಳನ್ನೂ ಶುಲ್ಕಗಳನ್ನೂ ಗೊತ್ತುಮಾಡುವುದು ರಾಜ್ಯ ಸರ್ಕಾರಗಳ ಕೆಲಸ. ನಮ್ಮಲ್ಲಿ ಅದು 1999ರ ನಿಯಮಗಳ ಮೂಲಕ ನಡೆದಿದೆ. ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ಮುಖ್ಯಸ್ಥರೇ ರಾಜ್ಯದ ಮುಖ್ಯ ನೋಂದಣಾಧಿಕಾರಿ. ಜಿಲ್ಲೆಯ ಮಟ್ಟದಲ್ಲಿ ಜಿಲ್ಲಾ ನೋಂದಣಾಧಿಕಾರಿಯೂ ಪಟ್ಟಣಗಳಲ್ಲಿ ನಗರಸಭೆ, ಪುರಸಭೆಗಳ ಅಧಿಕಾರಿಗಳೂ ಇರುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಆದ ಹೆರಿಗೆಗಳನ್ನು ಅಲ್ಲಿನ ವೈದ್ಯಾಧಿಕಾರಿಗಳೇ ನೋಂದಾಯಿಸುತ್ತಾರೆ. ಹಳ್ಳಿಗಳಲ್ಲಿ ದಶಕಗಳ ಕಾಲ ಜನನ ರಿಜಿಸ್ಟರು ಗ್ರಾಮ ಲೆಕ್ಕಿಗರ ಬಳಿ ಇತ್ತು. ಈಚಿನ ವರ್ಷಗಳಲ್ಲಿ ಗ್ರಾಮ ಪಂಚಾಯಿತಿಗಳಿಗೂ ಈ ಹೊಣೆಯ ಒಂದು ಭಾಗ ಬಂದಿದೆ.

ಎಲ್ಲಿ ಅರ್ಜಿ ಹಾಕಬೇಕು ಎಂಬಲ್ಲಿಯೇ ಮೊದಲ ತೊಡಕು ಎದುರಾಗುತ್ತದೆ. ಮಗು ಹುಟ್ಟಿದ ಸ್ಥಳ ಯಾವ ನೋಂದಣಾಧಿಕಾರಿಯ ವ್ಯಾಪ್ತಿಯಲ್ಲಿದೆಯೋ ಅಲ್ಲಿಯೇ ನೋಂದಣಿ ಆಗಬೇಕು. ತಂದೆತಾಯಿಯ ಮನೆ ಎಲ್ಲಿದೆ ಎಂಬುದು ಇಲ್ಲಿ ಗಣನೆಗೆ ಬರುವುದಿಲ್ಲ. ಚೊಚ್ಚಲ ಹೆರಿಗೆಗೆ ತವರುಮನೆಗೆ ಹೋಗುವ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿರುವುದರಿಂದ, ಬೆಂಗಳೂರಿನಲ್ಲೇ ಬೆಳೆದ ಎಷ್ಟೋ ಮಕ್ಕಳ ಮೂಲ ನಮೂದು ಶಿರಸಿಯಲ್ಲೋ ಹಾಸನದಲ್ಲೋ ರಾಯಚೂರಿನಲ್ಲೋ ಇರುತ್ತದೆ. ಇಪ್ಪತ್ತು ವರ್ಷ ಕಳೆದ ಮೇಲೆ ಹೆಚ್ಚುವರಿ ಪ್ರತಿ ಬೇಕಾದಾಗ ಹುಡುಕಬೇಕಾದದ್ದು ಅಜ್ಜಿಯ ಊರಿನ ದಾಖಲೆಯನ್ನು. ಪ್ರಯಾಣದ ನಡುವೆ ಬಸ್ಸಿನಲ್ಲೋ ರೈಲಿನಲ್ಲೋ ಹೆರಿಗೆಯಾದರೆ, ವಾಹನ ಮೊದಲು ನಿಲ್ಲುವ ಸ್ಥಳದ ನೋಂದಣಾಧಿಕಾರಿಗೆ ಮಾಹಿತಿ ಹೋಗಬೇಕೆಂದು ನಿಯಮ ಹೇಳುತ್ತದೆ.

ಮಾಹಿತಿ ಕೊಡಬೇಕಾದವರು ಯಾರು ಎಂಬುದನ್ನೂ ಕಾನೂನು ಸೂಕ್ಷ್ಮವಾಗಿ ಯೋಚಿಸಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಸ್ಪತ್ರೆಯ ಹೊಣೆ ಹೊತ್ತವರು, ಮನೆಯಲ್ಲಾದರೆ ಕುಟುಂಬದ ಯಜಮಾನರು, ವಸತಿಗೃಹ ಅಥವಾ ಧರ್ಮಛತ್ರದಲ್ಲಾದರೆ ಅದರ ವ್ಯವಸ್ಥಾಪಕರು, ಜೈಲಿನಲ್ಲಾದರೆ ಜೈಲರ್ ಮಾಹಿತಿ ಕೊಡಬೇಕು. ಸಾರ್ವಜನಿಕ ಸ್ಥಳದಲ್ಲಿ ಯಾರೋ ಬಿಟ್ಟುಹೋದ ಹಸುಗೂಸು ಸಿಕ್ಕರೆ ಹಳ್ಳಿಯಲ್ಲಿ ಗ್ರಾಮದ ಮುಖ್ಯಸ್ಥರೂ ಪಟ್ಟಣದಲ್ಲಿ ಠಾಣೆಯ ಅಧಿಕಾರಿಯೂ ತಿಳಿಸಬೇಕು. ಕೊಡಗು, ಚಿಕ್ಕಮಗಳೂರಿನ ಓದುಗರಿಗೆ ಸಂಬಂಧಿಸಿದ ಒಂದು ವಿಶೇಷ ಕಲಮೂ ಇದೆ: ಕಾಫಿ, ಮೆಣಸು, ಏಲಕ್ಕಿ, ರಬ್ಬರ್ ಮುಂತಾದವನ್ನು ಬೆಳೆಯುವ, ನಾಲ್ಕು ಹೆಕ್ಟೇರಿಗೆ ಕಡಿಮೆಯಿಲ್ಲದ ತೋಟದಲ್ಲಿ ಮಗು ಹುಟ್ಟಿದರೆ ಮಾಹಿತಿ ಕೊಡುವ ಹೊಣೆ ತೋಟದ ಮೇಲ್ವಿಚಾರಕರ ಮೇಲಿದೆ. ಲೈನ್ ಮನೆಗಳಲ್ಲಿ ವಾಸಿಸುವ, ಹಂಗಾಮು ಮುಗಿದೊಡನೆ ಬೇರೆ ಜಿಲ್ಲೆಗೆ ಹೊರಟುಹೋಗುವ ಕೂಲಿಕಾರರ ಮಕ್ಕಳಿಗೆ ಈ ಕಲಮು ನಿಜವಾದ ಆಸರೆಯಾಗಬಲ್ಲುದು. ಅದನ್ನು ಬಲ್ಲವರು ಇನ್ನಷ್ಟು ಜನ ಇರಬೇಕು.

ಮೊದಲ ಪ್ರತಿ ಉಚಿತ

ಹುಟ್ಟಿದ 21 ದಿನಗಳೊಳಗೆ ಮಾಹಿತಿ ಕೊಟ್ಟರೆ ನೋಂದಣಿಗೆ ಒಂದು ಪೈಸೆಯನ್ನೂ ಕಟ್ಟಬೇಕಾಗಿಲ್ಲ. ನೋಂದಣಿ ಮುಗಿದ ಮೇಲೆ ಮೊದಲ ಪ್ರಮಾಣಪತ್ರವನ್ನು ಮಾಹಿತಿ ಕೊಟ್ಟವರಿಗೆ ಉಚಿತವಾಗಿ ನೀಡುವುದು ನೋಂದಣಾಧಿಕಾರಿಯ ಕರ್ತವ್ಯ. 2023ರ ತಿದ್ದುಪಡಿಯು ಇದಕ್ಕೆ ಏಳು ದಿನಗಳ ಗಡುವನ್ನೂ ಹಾಕಿದೆ ಮತ್ತು ಪ್ರಮಾಣಪತ್ರವನ್ನು ವಿದ್ಯುನ್ಮಾನ ರೂಪದಲ್ಲಿಯೂ ಕೊಡಬಹುದೆಂದು ಸ್ಪಷ್ಟಪಡಿಸಿದೆ. ನಮೂನೆ 5ರಲ್ಲಿ ಬರುವ ಈ ಪತ್ರವೇ ನಾವು ಸಾಮಾನ್ಯವಾಗಿ ಜನನ ಪ್ರಮಾಣಪತ್ರವೆಂದು ಕರೆಯುವ ದಾಖಲೆ. ಕರ್ನಾಟಕದಲ್ಲಿ ಇದನ್ನು ಇ-ಜನ್ಮ ತಂತ್ರಾಂಶದ ಮೂಲಕ ಸಿದ್ಧಪಡಿಸಲಾಗುತ್ತದೆ. ಕನ್ನಡ ಮತ್ತು ಇಂಗ್ಲಿಷ್ ಎರಡೂ ಭಾಷೆಗಳಲ್ಲಿ ಮಗುವಿನ ಹೆಸರು, ಲಿಂಗ, ಹುಟ್ಟಿದ ದಿನಾಂಕ ಮತ್ತು ಸ್ಥಳ, ತಂದೆತಾಯಿಯ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಹಾಗೂ ನೋಂದಣಿಯ ದಿನಾಂಕ ಇರುತ್ತವೆ. ಡಿಜಿಟಲ್ ಸಹಿ ಇರುವ ಪ್ರತಿಗೆ ಶಾಯಿಯ ಸಹಿ, ಮೊಹರುಗಳ ಅಗತ್ಯವಿಲ್ಲ, ಮತ್ತು ಅದು ಯಾವ ರೀತಿಯಲ್ಲೂ ಕಡಿಮೆ ದರ್ಜೆಯ ಪತ್ರವಲ್ಲ.

ನಂತರ ಬೇಕಾಗುವ ಪ್ರತಿಯೊಂದು ಹೆಚ್ಚುವರಿ ಪ್ರತಿಗೂ ಶುಲ್ಕವಿದೆ. 1999ರ ನಿಯಮಗಳಲ್ಲಿ ಅದು ಕೇವಲ 5 ರೂಪಾಯಿ ಇತ್ತು. 2025ರ ಫೆಬ್ರವರಿಯಲ್ಲಿ ಅದನ್ನು 50 ರೂಪಾಯಿಗೆ ಏರಿಸಲಾಯಿತು. ನೋಂದಣಿ ಸಂಖ್ಯೆ ಗೊತ್ತಿಲ್ಲದೆ ರಿಜಿಸ್ಟರುಗಳನ್ನು ತಿರುವಿ ಹಾಕಿಸಬೇಕಾದರೆ ಹುಡುಕಾಟದ ಶುಲ್ಕ ಬೇರೆ. ಹಳೆಯ ದರದಲ್ಲಿ ಮೊದಲ ವರ್ಷದ ಹುಡುಕಾಟಕ್ಕೆ 2 ರೂಪಾಯಿ, ಆಮೇಲೆ ಹುಡುಕಿಸುವ ಒಂದೊಂದು ವರ್ಷಕ್ಕೂ ಮತ್ತೆ 2 ರೂಪಾಯಿ ಎಂಬ ಲೆಕ್ಕವಿತ್ತು. ದರ ಯಾವುದೇ ಆಗಿರಲಿ, ವರ್ಷದ ಲೆಕ್ಕದಲ್ಲಿ ಶುಲ್ಕ ಬೆಳೆಯುವುದರಿಂದ ಹುಟ್ಟಿದ ವರ್ಷವನ್ನು ಮನೆಯ ಹಿರಿಯರಿಂದಲೋ ಆಸ್ಪತ್ರೆಯ ಚೀಟಿಯಿಂದಲೋ ಮೊದಲೇ ಖಚಿತಪಡಿಸಿಕೊಂಡವರಿಗೆ ಹಣವೂ ಸಮಯವೂ ಉಳಿಯುತ್ತದೆ. ಸೇವಾ ಸಿಂಧು ಅಥವಾ ಗ್ರಾಮ ಒನ್, ಬೆಂಗಳೂರು ಒನ್ ಕೇಂದ್ರಗಳ ಮೂಲಕ ಅರ್ಜಿ ಹಾಕಿದರೆ ಸೇವಾ ಶುಲ್ಕ ಪ್ರತ್ಯೇಕವಾಗಿ ಸೇರುತ್ತದೆ. ಈ ಮೊತ್ತಗಳ ಮುಂದೆ ಮಧ್ಯವರ್ತಿಗಳು ಕೇಳುವ ನೂರು, ಸಾವಿರಗಳಿಗೆ ಯಾವ ಆಧಾರವೂ ಇಲ್ಲ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೇಳುವುದು ಅರ್ಜಿದಾರರ ಹಕ್ಕು, ಮತ್ತು ಅದನ್ನು ಸಂಕೋಚವಿಲ್ಲದೆ ಚಲಾಯಿಸಬೇಕು.

ಹೆಸರಿಲ್ಲದ ಪ್ರಮಾಣಪತ್ರ

ಆಸ್ಪತ್ರೆಯಿಂದ ಜನನದ ವರದಿ ಹೋಗುವ ಹೊತ್ತಿಗೆ ಬಹುಪಾಲು ಮನೆಗಳಲ್ಲಿ ನಾಮಕರಣ ಆಗಿರುವುದಿಲ್ಲ. ಹೀಗಾಗಿ ಹೆಸರಿನ ಜಾಗ ಖಾಲಿಯಿದ್ದೇ ನೋಂದಣಿಯಾಗುತ್ತದೆ ಮತ್ತು ಪ್ರಮಾಣಪತ್ರವೂ ಹೆಸರಿಲ್ಲದೆ ಬರುತ್ತದೆ. ಕಾನೂನಿನ ದೃಷ್ಟಿಯಲ್ಲಿ ಇದು ಪೂರ್ಣ ನೋಂದಣಿಯೇ. ಆದರೆ ಶಾಲೆಗೆ ಸೇರಿಸಲು, ಪಾಸ್‌ಪೋರ್ಟ್ ಮಾಡಿಸಲು ಇದರಿಂದ ಪ್ರಯೋಜನವಿಲ್ಲ. ನೋಂದಣಿಯಾದ 12 ತಿಂಗಳೊಳಗೆ ತಂದೆ, ತಾಯಿ ಅಥವಾ ಪೋಷಕರು ಹೆಸರನ್ನು ತಿಳಿಸಿದರೆ ಶುಲ್ಕವಿಲ್ಲದೆ ಅದನ್ನು ಸೇರಿಸಲಾಗುತ್ತದೆ. ಆಮೇಲೆ 15 ವರ್ಷಗಳವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕಾದ ಸಂಗತಿಯೊಂದಿದೆ. ಹೆಸರು ಸೇರಿಸುವುದು ಸುಲಭ, ಸೇರಿದ ಹೆಸರನ್ನು ಬದಲಿಸುವುದು ಬಹಳ ಕಷ್ಟ. ನಮ್ಮಲ್ಲಿ ಹೆಸರಿನ ಮುಂದೆಯೋ ಹಿಂದೆಯೋ ಊರು, ತಂದೆ, ಅಜ್ಜ ಇವರ ಹೆಸರಿನ ಮೊದಲಕ್ಷರಗಳನ್ನು ಇಡುವ ರೂಢಿ ಇದೆ. ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರನ್ನೇ ಬರೆಯುತ್ತಾರೆ. ಜನನ ಪ್ರಮಾಣಪತ್ರದಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮತ್ತೊಂದು ರೀತಿ ಹೆಸರು ಬಂದರೆ, ಮೂರೂ ಒಬ್ಬರದೇ ಎಂದು ಸಾಬೀತುಪಡಿಸಲು ಅಫಿಡವಿಟ್‌ಗಳ ಸರಣಿಯೇ ಬೇಕಾಗುತ್ತದೆ. ಆದ್ದರಿಂದ ಮೊದಲಕ್ಷರಗಳನ್ನು ಬಿಡಿಸಿ ಪೂರ್ತಿ ಹೆಸರನ್ನು ಬರೆಸುವುದು, ಇಂಗ್ಲಿಷ್ ಕಾಗುಣಿತವನ್ನು ತಂದೆತಾಯಿಯ ದಾಖಲೆಗಳೊಡನೆ ಹೋಲಿಸಿ ಗಟ್ಟಿಮಾಡಿಕೊಳ್ಳುವುದು ಆ ಒಂದು ದಿನದ ಎಚ್ಚರಿಕೆ. ಅದರ ಫಲ ಮಗುವಿನ ಆಯುಸ್ಸಿನುದ್ದಕ್ಕೂ ಸಿಗುತ್ತದೆ.

ತಂದೆಯ ಹೆಸರಿನ ವಿಷಯದಲ್ಲೂ ಕಾನೂನು ಬದಲಾಗಿದೆ. ಅವಿವಾಹಿತ ತಾಯಿ ಅಥವಾ ಒಂಟಿ ತಾಯಿ ತನ್ನ ಮಗುವಿನ ಜನನ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದಾಗ ಆಕೆಯ ಅಫಿಡವಿಟ್ಟಿನ ಆಧಾರದ ಮೇಲೆಯೇ ಅದನ್ನು ಕೊಡಬೇಕೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. 2023ರ ತಿದ್ದುಪಡಿಯು ದತ್ತು ಮಕ್ಕಳು, ಅನಾಥ ಮಕ್ಕಳು, ಬಾಡಿಗೆ ತಾಯ್ತನದಿಂದ ಹುಟ್ಟಿದ ಮಕ್ಕಳು ಮತ್ತು ಒಂಟಿ ಪೋಷಕರ ಮಕ್ಕಳ ನೋಂದಣಿಗೆ ಅಧಿನಿಯಮದಲ್ಲೇ ಜಾಗ ಮಾಡಿಕೊಟ್ಟಿದೆ. ತಂದೆಯ ಹೆಸರಿಲ್ಲವೆಂಬ ಕಾರಣಕ್ಕೆ ಅರ್ಜಿಯನ್ನು ಹಿಂದಿರುಗಿಸುವವರು ಇದನ್ನು ಅವಶ್ಯ ತಿಳಿದಿರಬೇಕು.

ತಡವಾದಷ್ಟೂ ಬಿಗಿಯಾಗುವ ದಾರಿ

21 ದಿನ ಮೀರಿದರೆ ನೋಂದಣಿಯ ಬಾಗಿಲು ಮುಚ್ಚುವುದಿಲ್ಲ, ಆದರೆ ಹಂತ ಹಂತವಾಗಿ ಕಿರಿದಾಗುತ್ತದೆ. 21 ದಿನಗಳ ನಂತರ 30 ದಿನಗಳೊಳಗೆ ಬಂದರೆ ಸ್ಥಳೀಯ ನೋಂದಣಾಧಿಕಾರಿಯೇ ವಿಳಂಬ ಶುಲ್ಕ ಪಡೆದು ನೋಂದಾಯಿಸುತ್ತಾರೆ. 30 ದಿನಗಳಿಂದ ಒಂದು ವರ್ಷದವರೆಗೆ ಜಿಲ್ಲಾ ನೋಂದಣಾಧಿಕಾರಿಯ ಅಥವಾ ನಿಯಮದಲ್ಲಿ ಗೊತ್ತುಪಡಿಸಿದ ಅಧಿಕಾರಿಯ ಲಿಖಿತ ಅನುಮತಿ ಬೇಕು. ಮೊದಲು ಇದಕ್ಕೆ ನೋಟರಿಯ ಎದುರು ಮಾಡಿದ ಅಫಿಡವಿಟ್ ಕೇಳುತ್ತಿದ್ದರು, ಈಗ ಸ್ವಯಂ ದೃಢೀಕರಿಸಿದ ದಾಖಲೆ ಸಾಕೆಂದು ತಿದ್ದುಪಡಿಯಾಗಿದೆ. ಒಂದು ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶವಿಲ್ಲದೆ ನೋಂದಣಿ ಸಾಧ್ಯವಿಲ್ಲ. 2023ರವರೆಗೆ ಇದು ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಕೆಲಸವಾಗಿತ್ತು, ಅಂದರೆ ವಕೀಲರು, ಸಾಕ್ಷಿಗಳು, ವಿಚಾರಣೆಯ ದಿನಾಂಕಗಳು ಎಲ್ಲವೂ ಇದ್ದವು. ಈಗ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿಯಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಬಂದಿದೆ. ಜನನದ ಸತ್ಯಾಸತ್ಯತೆಯನ್ನು ಪರಿಶೀಲಿಸಿದ ಮೇಲೆಯೇ ಅವರು ಆದೇಶ ಕೊಡಬೇಕು.

ಶುಲ್ಕದ ಮಟ್ಟಿಗೆ ಈ ಮೂರು ಹಂತಗಳ ನಡುವೆ ದೊಡ್ಡ ಅಂತರವಿಲ್ಲ. 1999ರ ನಿಯಮಗಳಲ್ಲಿ ಅದು ಕ್ರಮವಾಗಿ 2, 5 ಮತ್ತು 10 ರೂಪಾಯಿ ಇತ್ತು. ಪರಿಷ್ಕರಣೆಯಲ್ಲಿ 20, 50 ಮತ್ತು 100 ರೂಪಾಯಿಯಾಗಿದೆ. ನಿಜವಾದ ಖರ್ಚು ಶುಲ್ಕದ ಹೊರಗಿದೆ. ಆಸ್ಪತ್ರೆಯ ಹಳೆಯ ದಾಖಲೆ, ಶಾಲೆಯ ಪ್ರವೇಶ ಪುಸ್ತಕದ ನಕಲು, ತಾಯಿ ಕಾರ್ಡ್, ಸಾಕ್ಷಿಗಳ ಹೇಳಿಕೆ ಇವನ್ನೆಲ್ಲ ಕಲೆಹಾಕಲು ಕೂಲಿ ಬಿಟ್ಟು ತಿರುಗುವ ದಿನಗಳ ಲೆಕ್ಕ ಯಾವ ದರಪಟ್ಟಿಯಲ್ಲೂ ಇಲ್ಲ. ಹೀಗೆ ಸಿಕ್ಕ ಪ್ರಮಾಣಪತ್ರದ ರೂಪ ಬೇರೆಯಲ್ಲ, ಅದೂ ನಮೂನೆ 5ರದ್ದೇ. ಆದರೆ ನೋಂದಣಿಯ ದಿನಾಂಕ ಅದರಲ್ಲಿ ಸ್ಪಷ್ಟವಾಗಿ ಕಾಣುವುದರಿಂದ, ಹುಟ್ಟಿದ ಬಹಳ ವರ್ಷಗಳ ನಂತರ ಆದ ನೋಂದಣಿಯನ್ನು ವಿದೇಶಿ ರಾಯಭಾರ ಕಚೇರಿಗಳೂ ನ್ಯಾಯಾಲಯಗಳೂ ಬೇರೆ ಪೂರಕ ದಾಖಲೆಗಳೊಡನೆ ಹೋಲಿಸಿ ನೋಡುವುದುಂಟು. ನೋಂದಣಿ ಮಾಡಿಸದ ತಪ್ಪಿಗೆ ದಂಡವೂ ಇದೆ: ವ್ಯಕ್ತಿಗಳಿಗೆ 250 ರೂಪಾಯಿಯವರೆಗೆ, ಆಸ್ಪತ್ರೆಯಂಥ ಸಂಸ್ಥೆಗಳಿಗೆ ಒಂದೊಂದು ಜನನಕ್ಕೆ 1,000 ರೂಪಾಯಿಯವರೆಗೆ.

ಲಭ್ಯವಿಲ್ಲವೆಂಬ ಪತ್ರ ಮತ್ತು ಹಳೆಯ ದಾಖಲೆಗಳು

ರಿಜಿಸ್ಟರನ್ನು ಹುಡುಕಿದ ಮೇಲೆಯೂ ನಮೂದು ಸಿಗದಿದ್ದರೆ ನಮೂನೆ 10ರಲ್ಲಿ ದಾಖಲೆ ಲಭ್ಯವಿಲ್ಲವೆಂಬ ಪ್ರಮಾಣಪತ್ರ ಕೊಡುತ್ತಾರೆ. ಕೆಲವರು ಇದನ್ನು ಅರ್ಜಿಯ ತಿರಸ್ಕಾರವೆಂದು ಭಾವಿಸಿ ಹರಿದು ಹಾಕುವುದುಂಟು. ಹಾಗೆ ಮಾಡಬಾರದು, ಒಂದು ವರ್ಷ ಮೀರಿದ ನೋಂದಣಿಗೆ ದಂಡಾಧಿಕಾರಿಯ ಮುಂದೆ ಹೋಗುವಾಗ ಮೊದಲು ಬೇಕಾಗುವ ಕಾಗದವೇ ಇದು. ಅಮೆರಿಕದ ವಲಸೆ ವೀಸಾಕ್ಕೆ ಅರ್ಜಿ ಹಾಕುವ ಕನ್ನಡಿಗರಲ್ಲಿ ಜನನ ನೋಂದಣಿಯೇ ಆಗದ ಹಿರಿಯರಿದ್ದರೆ, ಈ ಪತ್ರದ ಜೊತೆಗೆ ಹತ್ತಿರದ ಸಂಬಂಧಿಕರ ಅಫಿಡವಿಟ್, ಶಾಲಾ ದಾಖಲೆ ಮುಂತಾದ ಪೂರಕ ಪುರಾವೆಗಳನ್ನು ಕೊಡಬೇಕಾಗುತ್ತದೆ.

ಎಪ್ಪತ್ತು ಎಂಬತ್ತು ವರ್ಷಗಳ ಹಿಂದಿನ ಜನನವಾದರೆ ಹುಡುಕಾಟ ಬೇರೆಯೇ ಸ್ವರೂಪ ಪಡೆಯುತ್ತದೆ. 1956ರಲ್ಲಿ ಒಂದಾದ ಈ ರಾಜ್ಯದ ಭಾಗಗಳು ಅದಕ್ಕೂ ಮೊದಲು ಮೈಸೂರು ಸಂಸ್ಥಾನ, ಮುಂಬೈ ಮತ್ತು ಮದರಾಸು ಪ್ರಾಂತ್ಯಗಳು, ಹೈದರಾಬಾದ್ ಸಂಸ್ಥಾನ, ಕೊಡಗು ಎಂದು ಬೇರೆ ಬೇರೆ ಆಡಳಿತಗಳ ಕೆಳಗಿದ್ದವು. ಕಲ್ಯಾಣ ಕರ್ನಾಟಕದ ಹಳೆಯ ಸರ್ಕಾರಿ ದಾಖಲೆಗಳಲ್ಲಿ ಉರ್ದು, ಕಿತ್ತೂರು ಕರ್ನಾಟಕದ ಹಳೆಯ ದಾಖಲೆಗಳಲ್ಲಿ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಕಾಣುವುದುಂಟು, ಮತ್ತು ಅವನ್ನು ಓದಬಲ್ಲವರು ಈಗ ವಿರಳ. ಆ ತಲೆಮಾರಿನ ಬಹುಪಾಲು ಜನರ ಜನ್ಮದಿನಾಂಕವನ್ನು ನಿರ್ಧರಿಸಿದ್ದು ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು. ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ ಮಗುವಿನ ವಯಸ್ಸು ಸರಿಹೊಂದುವಂತೆ ಜೂನ್ ಒಂದನೇ ತಾರೀಖನ್ನೇ ಬರೆದುಬಿಟ್ಟ ಉದಾಹರಣೆಗಳು ಊರೂರಲ್ಲೂ ಇವೆ. ಹಾಗೆ ಬರೆದ ದಿನಾಂಕವೇ ಎಸ್‌ಎಸ್‌ಎಲ್‌ಸಿಗೆ, ಅಲ್ಲಿಂದ ನೌಕರಿಯ ಸೇವಾ ಪುಸ್ತಕಕ್ಕೆ ಸಾಗಿಬಂದಿದೆ. ಸರ್ಕಾರಿ ನೌಕರರು ಅದನ್ನು ತಿದ್ದಿಸಿಕೊಳ್ಳಬೇಕಾದರೆ ಸೇವೆಗೆ ಸೇರಿದ ಮೂರು ವರ್ಷಗಳೊಳಗೆ ಅರ್ಜಿ ಹಾಕಬೇಕೆಂದು 1974ರ ವಯೋನಿರ್ಧಾರ ಅಧಿನಿಯಮ ಮಿತಿ ಹಾಕಿದೆ.

ಜನನ ಪ್ರಮಾಣಪತ್ರವೆಂದು ತಪ್ಪಾಗಿ ತಿಳಿಯಲಾಗುವ ಇತರ ಕಾಗದಗಳನ್ನೂ ಇಲ್ಲಿ ಹೆಸರಿಸಬೇಕು. ಆಸ್ಪತ್ರೆಯು ಬಿಡುಗಡೆಯ ಹೊತ್ತಿಗೆ ಕೊಡುವ ಸಾರಾಂಶ ಅಥವಾ ಜನನದ ಚೀಟಿ, ಶಾಲೆ ಕೊಡುವ ಜನ್ಮದಿನಾಂಕದ ಪತ್ರ, ಜಾತಕ ಇವು ಪೂರಕ ದಾಖಲೆಗಳಾಗಬಹುದೇ ಹೊರತು ನೋಂದಣಿಗೆ ಬದಲಿಯಾಗಲಾರವು. ಆಧಾರ್ ಕೂಡ ಗುರುತಿನ ದಾಖಲೆಯೇ ಹೊರತು ಜನ್ಮದಿನಾಂಕದ ಪುರಾವೆಯಲ್ಲವೆಂಬುದನ್ನು ಸುಪ್ರೀಂ ಕೋರ್ಟ್ 2024ರಲ್ಲಿ ಒಂದು ಅಪಘಾತ ಪರಿಹಾರದ ಪ್ರಕರಣದಲ್ಲಿ ಎತ್ತಿ ಹೇಳಿ, ಶಾಲೆ ಬಿಟ್ಟ ಪ್ರಮಾಣಪತ್ರದ ದಿನಾಂಕವನ್ನು ಒಪ್ಪಿತು.

2023ರ ಅಕ್ಟೋಬರ್ 1ರ ನಂತರ

ಈ ದಿನಾಂಕವನ್ನು ಎಳೆಯ ಮಕ್ಕಳ ತಂದೆತಾಯಂದಿರು ನೆನಪಿಡಬೇಕು. ತಿದ್ದುಪಡಿಯಾದ ಅಧಿನಿಯಮ ಜಾರಿಗೆ ಬಂದ ಆ ದಿನ ಅಥವಾ ಅದರ ನಂತರ ಹುಟ್ಟಿದವರಿಗೆ ಜನ್ಮದಿನಾಂಕ ಮತ್ತು ಜನ್ಮಸ್ಥಳವನ್ನು ಸಾಬೀತುಪಡಿಸಲು ಜನನ ಪ್ರಮಾಣಪತ್ರವೊಂದೇ ದಾಖಲೆ. ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರ್ಕಾರಿ ನೇಮಕಾತಿ, ಪಾಸ್‌ಪೋರ್ಟ್, ಆಧಾರ್ ಎಲ್ಲಕ್ಕೂ ಇದೇ ಬೇಕು. 2025ರಲ್ಲಿ ಪಾಸ್‌ಪೋರ್ಟ್ ನಿಯಮಗಳನ್ನೂ ಇದಕ್ಕೆ ಅನುಗುಣವಾಗಿ ಬದಲಿಸಲಾಯಿತು. ಅದಕ್ಕೂ ಮೊದಲು ಹುಟ್ಟಿದವರು ಶಾಲೆ ಬಿಟ್ಟ ಪ್ರಮಾಣಪತ್ರ, ಪ್ಯಾನ್ ಕಾರ್ಡ್, ಚಾಲನಾ ಪರವಾನಗಿಯಂಥ ದಾಖಲೆಗಳನ್ನು ಈಗಲೂ ಕೊಡಬಹುದು. ಮೇಷ್ಟ್ರು ಬರೆದ ದಿನಾಂಕದ ಮೇಲೆ ಒಂದು ತಲೆಮಾರು ಬದುಕು ಸಾಗಿಸಿತು. ಈಗಿನ ಮಕ್ಕಳಿಗೆ ಆ ಅವಕಾಶವಿಲ್ಲ. ಬಡವರ ಮನೆಯ, ವಲಸೆ ಕಾರ್ಮಿಕರ ಮನೆಯ ಮಗುವಿನ ನೋಂದಣಿ ತಪ್ಪಿದರೆ ಅದರ ಪರಿಣಾಮ ಹಿಂದಿಗಿಂತ ಕಠಿಣವಾಗಿರುತ್ತದೆ ಎಂಬುದನ್ನು ಆಶಾ ಕಾರ್ಯಕರ್ತೆಯರೂ ಅಂಗನವಾಡಿ ಕಾರ್ಯಕರ್ತೆಯರೂ ಮನೆಮನೆಗೆ ತಲುಪಿಸಬೇಕಾದ ಕಾಲ ಇದು.

ತಿದ್ದುಪಡಿ ಬೇಕಾದಾಗ

ಬರವಣಿಗೆಯ ತಪ್ಪಾಗಿದ್ದರೆ, ಅಂದರೆ ಅಕ್ಷರ ಬಿಟ್ಟುಹೋಗಿದ್ದರೆ ಅಥವಾ ಕಾಗುಣಿತ ತಪ್ಪಿದ್ದರೆ, ನೋಂದಣಾಧಿಕಾರಿ ಪರಿಶೀಲಿಸಿ ಸರಿಪಡಿಸುತ್ತಾರೆ. ದಿನಾಂಕ, ತಂದೆತಾಯಿಯ ಹೆಸರು ಮುಂತಾದ ಮುಖ್ಯ ಸಂಗತಿಯೇ ತಪ್ಪಾಗಿದ್ದರೆ ಅರ್ಜಿದಾರರ ಘೋಷಣೆಯೊಡನೆ ಸಂಗತಿಯನ್ನು ಬಲ್ಲ ಇಬ್ಬರು ನಂಬಲರ್ಹ ವ್ಯಕ್ತಿಗಳ ಹೇಳಿಕೆಯೂ ಬೇಕು. ಎರಡೂ ಸಂದರ್ಭಗಳಲ್ಲಿ ಮೂಲ ನಮೂದನ್ನು ಅಳಿಸುವಂತಿಲ್ಲ. ಪಕ್ಕದಲ್ಲಿ ಷರಾ ಬರೆದು ಸಹಿ ಮತ್ತು ದಿನಾಂಕ ಹಾಕುತ್ತಾರೆ. ಮನಸ್ಸು ಬದಲಾಯಿತೆಂದು ಇಟ್ಟ ಹೆಸರನ್ನು ಬೇರೆ ಮಾಡಿಸಲು ಈ ಕಲಮನ್ನು ಬಳಸಲಾಗುವುದಿಲ್ಲ.

ಹೊರದೇಶದಲ್ಲಿ ಹುಟ್ಟಿದವರು, ಹೊರದೇಶಕ್ಕೆ ಹೋಗುವವರು

ಭಾರತೀಯ ಪ್ರಜೆಗಳ ಮಗು ಹೊರದೇಶದಲ್ಲಿ ಹುಟ್ಟಿದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಹಾಗೆ ಆಗಿರದಿದ್ದು ತಂದೆತಾಯಿ ಭಾರತದಲ್ಲೇ ನೆಲೆಸಲು ಹಿಂದಿರುಗಿದರೆ, ಮಗು ಇಲ್ಲಿಗೆ ಬಂದ 60 ದಿನಗಳೊಳಗೆ ಇಲ್ಲಿಯೇ ನೋಂದಾಯಿಸಲು ಅವಕಾಶವಿದೆ. ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಒಂದು ವ್ಯತ್ಯಾಸವನ್ನು ಗಮನಿಸಬೇಕು: ಅಲ್ಲಿ ಜನನ ಪ್ರಮಾಣಪತ್ರದಲ್ಲಿ ಸಂಕ್ಷಿಪ್ತ, ಪೂರ್ಣ ಎಂಬ ಎರಡು ಬಗೆಗಳಿವೆ. ಸಂಕ್ಷಿಪ್ತ ಪತ್ರದಲ್ಲಿ ತಂದೆತಾಯಿಯ ವಿವರ ಇರುವುದಿಲ್ಲವಾದ್ದರಿಂದ ಮಗುವಿನ ಪಾಸ್‌ಪೋರ್ಟಿನಂಥ ಕೆಲಸಗಳಿಗೆ ಪೂರ್ಣ ಪತ್ರವನ್ನೇ ಪಡೆಯಬೇಕು. 2024ರ ಪರಿಷ್ಕರಣೆಯ ನಂತರ ಅಲ್ಲಿ ಒಂದು ಪ್ರತಿಯ ಸಾಮಾನ್ಯ ದರ 12.50 ಪೌಂಡ್. ಕರ್ನಾಟಕದ ಪ್ರಮಾಣಪತ್ರದಲ್ಲಿ ಇಂಥ ವಿಭಾಗವಿಲ್ಲ.

ಇಲ್ಲಿಯ ಪ್ರಮಾಣಪತ್ರವನ್ನು ಹೊರದೇಶದಲ್ಲಿ ಬಳಸಬೇಕಾದರೆ, ಆ ದೇಶ ಹೇಗ್ ಒಪ್ಪಂದಕ್ಕೆ ಸೇರಿದ್ದಾದರೆ, ಅಪೊಸ್ಟಿಲ್ ಎಂಬ ದೃಢೀಕರಣ ಮುದ್ರೆ ಬೇಕಾಗಬಹುದು; ಭಾರತವು 2005ರಿಂದ ಈ ವ್ಯವಸ್ಥೆಯಲ್ಲಿದೆ. ಮೊದಲು ರಾಜ್ಯ ಸರ್ಕಾರದ ಗೊತ್ತುಪಡಿಸಿದ ಇಲಾಖೆಯ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ ಮುದ್ರೆ. ಸಚಿವಾಲಯದ ಶುಲ್ಕ ಒಂದು ದಾಖಲೆಗೆ 50 ರೂಪಾಯಿ, ಅದರ ಮೇಲೆ ಅರ್ಜಿ ಸ್ವೀಕರಿಸುವ ಸಂಸ್ಥೆಯ ಸೇವಾ ವೆಚ್ಚ. ಹಳೆಯ ಕೈಬರಹದ ಪ್ರಮಾಣಪತ್ರ ಇರುವವರು ಈ ಕೆಲಸಕ್ಕೆ ಹೊರಡುವ ಮೊದಲು ಡಿಜಿಟಲ್ ಸಹಿಯುಳ್ಳ ಹೊಸ ಪ್ರತಿಯನ್ನು ಪಡೆದುಕೊಳ್ಳುವುದು ಒಳ್ಳೆಯದು. ದೃಢೀಕರಿಸುವವರಿಗೆ ಅದನ್ನು ತಾಳೆ ನೋಡುವುದು ಸುಲಭ.

ಇಷ್ಟೆಲ್ಲದರ ನಡುವೆ ನೋಂದಣಾಧಿಕಾರಿಯ ಆದೇಶ ಅಥವಾ ಕ್ರಮ ಸರಿಯಿಲ್ಲವೆನಿಸಿದರೆ 30 ದಿನಗಳೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಜಿಲ್ಲಾ ನೋಂದಣಾಧಿಕಾರಿಯ ಆದೇಶದ ಮೇಲೆ ಮುಖ್ಯ ನೋಂದಣಾಧಿಕಾರಿಯವರೆಗೂ ಹೋಗಬಹುದು, ಮತ್ತು ಮೇಲ್ಮನವಿಯನ್ನು 90 ದಿನಗಳೊಳಗೆ ತೀರ್ಮಾನಿಸಬೇಕೆಂದು 2023ರ ತಿದ್ದುಪಡಿ ಹೇಳುತ್ತದೆ. ಇದಕ್ಕಾಗಿ ಅರ್ಜಿಯ ಸ್ವೀಕೃತಿ ಸಂಖ್ಯೆಯನ್ನೂ ತಿರಸ್ಕಾರದ ಕಾರಣವನ್ನೂ ಬರಹದಲ್ಲಿ ಪಡೆದಿಟ್ಟುಕೊಂಡಿರಬೇಕು.